ನಾನೇ ಅಂಟಿಸಿದ ಟೈಲು

ಆ ಪಶು ಆಸ್ಪತ್ರೆಯ ಔಷಧಿ ಕೋಣೆಗೆ ಇದ್ದದ್ದು ಒಂದೇ ಕಿಟಕಿ. ಕಿಟಕಿಯಾಚೆ ಎದೆಮಟ್ಟದ ಕಾಂಪೌಂಡ್ ಗೋಡೆ, ಗೋಡೆಯಾಚೆ ಬಸ್ಸು ನಿಲ್ಲುವ ರಸ್ತೆ. ಅರಸೀಕೆರೆಯಿಂದ ಗಂಡಸಿ ಕಡೆಗೆ ಹೋಗುವ ಬಸ್ಸು ಬಂದು ನಿಂತಿತೆಂದರೆ, ಇಳಿದ ಗಂಡಸರಲ್ಲಿ ಅರ್ಧ ಜನ ಊರಿನ ಕಡೆ ತಿರುಗುವ ಮೊದಲು ಆ ಗೋಡೆಯ ಕಡೆ ತಿರುಗುತ್ತಿದ್ದರು. ನಾನು ಒಳಗೆ ಸಿರಿಂಜಿಗೆ ಔಷಧಿ ಎಳೆಯುತ್ತಿರುವಾಗ ಹೊರಗೆ ಸಾಲಾಗಿ ತಲೆಗಳು ಮಾತ್ರ ಕಾಣುತ್ತಿದ್ದವು. ಕೆಲವರು ಆ ಸ್ಥಿತಿಯಲ್ಲೇ, “ನಮಸ್ಕಾರ ಮೇಡಂ, ಎಮ್ಮೆಗೆ ಭೇದಿ ನಿಂತದೆ” ಎಂದು ವರದಿ ಒಪ್ಪಿಸುತ್ತಿದ್ದರು.

ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಯವರು ಇನ್ನೂ ನನ್ನ ಹತ್ತಿರ ಮಾತಾಡುತ್ತಾರೆ; ಅದು ಹಾಗೇ ಇರಲಿ.

ಬೋರ್ಡು ಹಾಕಿಸಿದೆ. ಬೋರ್ಡಿನ ಬುಡವನ್ನೇ ಆರಿಸಿಕೊಂಡರು. ಸುಣ್ಣ ಬಳಿಸಿದೆ, ಬ್ಲೀಚಿಂಗ್ ಪುಡಿ ಚೆಲ್ಲಿಸಿದೆ, ಜಾಲಿಮುಳ್ಳು ತಂದು ಒಟ್ಟಿಸಿದೆ. ಮುಳ್ಳನ್ನು ಯಾರೋ ಒಲೆಗೆ ಎತ್ತಿಕೊಂಡು ಹೋದರು. ಬಸ್ ನಿಲ್ದಾಣಕ್ಕೊಂದು ಶೌಚಾಲಯ ಬೇಕೆಂದು ಪಂಚಾಯಿತಿಗೆ ಪತ್ರ ಬರೆದೆ. “ಅನುದಾನದ ಲಭ್ಯತೆ ನೋಡಿಕೊಂಡು ಪರಿಶೀಲಿಸಲಾಗುವುದು” ಎಂದು ಉತ್ತರ ಬಂತು. ನಾನು ಎರಡನೇ ಪತ್ರ ಬರೆಯಲಿಲ್ಲ. ಈ ಕಥೆಯಲ್ಲಿ ನನ್ನ ಮೊದಲ ತಪ್ಪು ಅದು, ಟೈಲು ಅಲ್ಲ.

ನಿವೃತ್ತಿಗೆ ಹತ್ತಿರವಾಗಿದ್ದ ನಮ್ಮ ಅಟೆಂಡರ್ ಒಂದು ದಿನ ಹೇಳಿದರು. “ಇದ್ಕೆಲ್ಲ ಕಾಗ್ದ ಬರೀಬಾರ್ದು ಮೇಡಂ. ದೇವ್ರು ಟೈಲ್ಸು ಅಂಟುಸ್ಬುಡಿ. ಅರಸೀಕೆರೆ ಅಂಗ್ಡೀಲಿ ಸಿಗ್ತವೆ. ನಮ್ ಹಾಲಿನ ಡೈರಿ ಗೋಡೆಗೆ ಅಂಟ್ಸಿದ್ಮೇಲೆ ನಾಯಿನೂ ಕಾಲೆತ್ತಿಲ್ಲ.”

“ನಾಯಿಗೂ ಭಕ್ತಿ ಬಂತಾ?”

“ನಾಯಿ ವಿಷ್ಯ ಬುಡಿ. ಗಂಡಸ್ರಿಗೆ ಭಯ ಬಂತು, ಸಾಕಲ್ವಾ?”

ನಗಬೇಡಿ, ನಾನು ಆ ರಾತ್ರಿ ಕೂತು ನನ್ನೊಳಗೇ ಪರ ವಿರೋಧ ಎರಡೂ ಮಾತಾಡಿದೆ. ಸರ್ಕಾರಿ ಆಸ್ತಿಯ ಮೇಲೆ ಧಾರ್ಮಿಕ ಚಿಹ್ನೆ ಇರಬಹುದೇ ಎಂಬುದು ಕಾಲೇಜಿನಲ್ಲಿ ನನಗೆ ಎರಡು ಸಲ ಸಿಕ್ಕಿದ್ದ ಚರ್ಚಾಸ್ಪರ್ಧೆಯ ವಿಷಯ. ಒಂದು ಸಲ ಪರವಾಗಿ, ಒಂದು ಸಲ ವಿರೋಧವಾಗಿ ನಿಂತು ಎರಡರಲ್ಲೂ ಗೆದ್ದಿದ್ದೆ. ಎರಡೂ ಕಡೆ ಗೆದ್ದವಳಿಗೆ ಅನುಕೂಲವಾದ ಕಡೆ ಯಾವಾಗಲೂ ಸಿಗುತ್ತದೆ. ಮೂರು ಧರ್ಮದ ಮೂರು ಟೈಲು ಅಂಟಿಸಿದರೆ ಅದು ಯಾವ ಧರ್ಮದ ಪ್ರದರ್ಶನವೂ ಅಲ್ಲ, ಬರೀ ಎಚ್ಚರಿಕೆ ಫಲಕ. ಹೀಗಂತ ತೀರ್ಮಾನಿಸಿ ಮಲಗಿದೆ. ಶೌಚಾಲಯಕ್ಕೆ ಮಂಜೂರಾತಿ ಬೇಕು, ದೇವರಿಗೆ ಟೈಲ್ಸ್ ಗಮ್ ಸಾಕು ಎಂದು ಹಳೆಯ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಬರೆದು ಶಭಾಷ್‌ಗಿರಿಯನ್ನೂ ಪಡೆದೆ.

ಗಾರೆ ಕೆಲಸದವರು ಹೇಳಿದ ಹೊತ್ತಿಗೆ ಬರಲಿಲ್ಲ. ಗಮ್ ಕಲಸಿಟ್ಟಿದ್ದು ಗಟ್ಟಿಯಾಗುತ್ತಿತ್ತು. ಕೈಗವಸು ಹಾಕಿಕೊಂಡು ಗೇಟಿನ ಕಂಬದ ಪಕ್ಕದಲ್ಲಿ ಗಣಪತಿಯ ಟೈಲನ್ನು ನಾನೇ ಒತ್ತಿ ಹಿಡಿದೆ. ಆಚೆಗೆ ಶಿಲುಬೆಯದು, ಅದರಾಚೆಗೆ ಹಸಿರು ಗುಮ್ಮಟದ್ದು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ನೋಡುತ್ತಿದ್ದರು. ನಾನು ಬೇಲೂರಿನವಳು, ನಮ್ಮದು ಅರ್ಚಕರ ಮನೆತನ ಎಂದು ಆ ಊರಿಗೆ ನಾನು ಕೆಲಸಕ್ಕೆ ಸೇರಿದ ವಾರದಲ್ಲೇ ಗೊತ್ತಾಗಿತ್ತು. ಅಂದು ಶುಕ್ರವಾರವಾಗಿತ್ತು ಎಂಬುದೂ, ನಾನು ತಲೆಗೆ ಸ್ನಾನ ಮಾಡಿ ಒದ್ದೆ ಕೂದಲಲ್ಲೇ ಬಂದಿದ್ದೆ ಎಂಬುದೂ ಆಮೇಲೆ ಸಾಕ್ಷ್ಯಗಳಾದವು.

ಮರುದಿನದಿಂದ ಗೋಡೆ ಒಣಗಿತು. ಕಿಟಕಿ ತೆರೆದಿಟ್ಟು ಕೆಲಸ ಮಾಡಿದೆ.

ಒಂದು ತಿಂಗಳಿಗೆ ಗಣಪತಿಯ ಮೇಲೆ ದಾಸವಾಳ ಬಂತು. ಆಮೇಲೆ ದೀಪದ ಗೂಡು, ಆಮೇಲೆ ತಗಡಿನ ಮಾಡು. ಎದುರಿಗೆ ಕೊಬ್ಬರಿ ಮಂಡಿ ಇಟ್ಟಿದ್ದ ಯಜಮಾನರ ಮುಂದಾಳತ್ವದಲ್ಲಿ ಒಂದು ಸಮಿತಿಯಾಯಿತು. ಗೇಟಿನ ಮುಂದಿನ ಮಣ್ಣಿನ ಜಾಗಕ್ಕೆ ಕಾಂಕ್ರೀಟ್ ಹಾಕಿ ನುಣ್ಣಗೆ ಮಾಡಿದರು. ದನಗಳಿಗೆ ಜಾರುತ್ತದೆ ಎಂದರೆ, “ದೇವ್ರ ಮುಂದೆ ಕೆಸರಿದ್ರೆ ಚೆನ್ನಾಗಿರ್ತದಾ ಮೇಡಂ” ಎಂದರು. ಗೋಡೆಗೆ ಗಿಲಾವು ಮಾಡುವಾಗ ಶಿಲುಬೆಯೂ ಹಸಿರು ಗುಮ್ಮಟವೂ ಸಿಮೆಂಟಿನೊಳಗೆ ಹೋದವು. ಕೇಳಿದರೆ ಮೇಸ್ತ್ರಿ, “ಲೆವೆಲ್ ಬರ್ನಿಲ್ಲ ಮೇಡಂ” ಎಂದ. ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಆ ಗೋಡೆಗೆ ಎತ್ತು ಕಟ್ಟಿಕೊಂಡು ಬೀಡಿ ಸೇದುತ್ತಿದ್ದ ದನದ ದಲ್ಲಾಳಿ ಸಾಬರೊಬ್ಬರು ಆ ವಾರದಿಂದ ಎತ್ತನ್ನು ರಸ್ತೆಯಾಚೆ ಕಟ್ಟತೊಡಗಿದರು. ನೋಡಿದೆ. ಆದರೆ ಆ ಗಣಪತಿಯನ್ನು ಅಂಟಿಸಿದವಳು ನಾನೇ ತಾನೆ, ಯಾವ ಬಾಯಲ್ಲಿ ಮಾತಾಡಲಿ?

ಗೇಟಿನಲ್ಲಿ ‘ಚಪ್ಪಲಿ ಹೊರಗೆ ಬಿಡಿ’ ಎಂಬ ಬರಹ ಬಂತು. ಸಂಕಷ್ಟಿಯ ದಿನ ಗೇಟಿಗೆ ಅಡ್ಡ ಹಗ್ಗ ಕಟ್ಟುವ ಪದ್ಧತಿ ಬಂತು, ಪೂಜೆ ಮುಗಿಯುವವರೆಗೆ ದನ ನುಗ್ಗಿ ಸಗಣಿ ಹಾಕಬಾರದೆಂದು.

ಅಂಥದೊಂದು ಸಂಕಷ್ಟಿಯ ದಿನ ನಾನು ಪಕ್ಕದ ಹಳ್ಳಿಯಲ್ಲಿ ಕಾಲುಬಾಯಿ ಜ್ವರದ ಲಸಿಕೆ ಹಾಕುತ್ತಿದ್ದೆ. ಎರಡು ದಿನ ಬಿಟ್ಟು ಆಸ್ಪತ್ರೆಯಲ್ಲಿ ಕೂತಿದ್ದಾಗ ಗೇಟಿನಾಚೆ ಒಬ್ಬ ಹೆಂಗಸು ನಿಂತಿರುವುದು ಕಾಣಿಸಿತು. ಊರಾಚೆಯ ಕಾಲೋನಿಯವರು. ಅವರ ಜೆರ್ಸಿ ಹಸುವಿಗೆ ಗರ್ಭ ಕಟ್ಟಿಸಿದ್ದು ನಾನೇ.

“ಡಾಕ್ಟ್ರಮ್ಮ, ವಸಿ ಈಚೆಗೆ ಬತ್ತೀರಾ?”

“ಒಳಗೆ ಬನ್ನಿ.”

“ಇಲ್ಲೇ ಇರ್ಲಿ ಬುಡಿ. ಹಸ ಮಲ್ಗದೆ, ಏಳ್ತಾ ಇಲ್ಲ.”

ಸ್ಕೂಟರಿನಲ್ಲಿ ಅವರನ್ನೇ ಕೂರಿಸಿಕೊಂಡು ಹೋದೆ. ಕರು ಹಾಕಿ ನಾಲ್ಕು ದಿನವಾಗಿತ್ತು. ಹಸುಗಳಿಗೆ ಕರುವಿನ ಹಿಂದೆ ಬರುವ ಮಾಸು ಸಾಮಾನ್ಯವಾಗಿ ಅರ್ಧ ದಿನದೊಳಗೆ ಬಿದ್ದುಹೋಗಬೇಕು. ಬೀಳದಿದ್ದರೆ ಎಳೆಯಬಾರದು, ಆಂಟಿಬಯಾಟಿಕ್ ಕೊಟ್ಟು, ಜ್ವರ ನೋಡಿಕೊಂಡು ಕಾಯಬೇಕು. ಇಲ್ಲಿ ಯಾರೋ ಕೈಹಾಕಿ ಎಳೆದು ಅರ್ಧ ಕಿತ್ತಿದ್ದರು. ಉಳಿದದ್ದು ಒಳಗೇ ಕೊಳೆತಿತ್ತು. ಥರ್ಮಾಮೀಟರ್ ಇಟ್ಟೆ, ಜ್ವರ ಇರಲಿಲ್ಲ. ಇರಬೇಕಿತ್ತು. ಹಸುವಿಗೆ ನೂರೊಂದರ ಆಸುಪಾಸು ಇರಬೇಕಾದ ಮೈಬಿಸಿ ತೊಂಬತ್ತೊಂಬತ್ತಕ್ಕಿಂತ ಕೆಳಗೆ ಇಳಿದಿತ್ತು, ಕಿವಿ ತಣ್ಣಗಿತ್ತು. ನಂಜು ರಕ್ತಕ್ಕೆ ಏರಿದ ಮೇಲೆ ಹೀಗಾಗುತ್ತದೆ. ಕತ್ತಿನ ರಕ್ತನಾಳಕ್ಕೆ ಸೂಜಿ ಚುಚ್ಚಿ, ಗ್ಲೂಕೋಸ್ ಬಾಟಲಿಯನ್ನು ಅವರ ಕೈಗೆ ಕೊಟ್ಟು ಎತ್ತಿ ಹಿಡಿಯಲು ಹೇಳಿದೆ. ಒಂದಾದ ಮೇಲೊಂದು ಬಾಟಲಿ. ಅವರು ಕೈ ಬದಲಿಸುತ್ತಾ ಸಂಜೆಯವರೆಗೆ ನಿಂತಿದ್ದರು.

“ಎರಡನೇ ದಿನಾನೇ ಆಸ್ಪತ್ರೆಗೆ ಹೊಡ್ಕೊಂಡು ಬರಬೇಕಿತ್ತಲ್ಲ ನೀವು!” ಎಂದು ಬೈದೆ.

ಅವರು ಬಾಟಲಿಯನ್ನೇ ನೋಡುತ್ತಾ ಹೇಳಿದರು. “ಬಂದಿದ್ದೆ ಡಾಕ್ಟ್ರಮ್ಮ. ನಿಮ್ ಗೇಟ್ ತಾವ್ಲೇ ಬಂದಿದ್ದೆ. ಹಗ್ಗ ಕಟ್ಟಿದ್ರು. ಇದ್ನ ನೇತಾಡಿಸ್ಕಂಡು ದೇವ್ರ ಮುಂದೆ ಬತ್ತೀಯಾ ಅಂದ್ರು. ನಿಮ್ ಅಟೆಂಡ್ರು ನಾಳೀಕೆ ಬಾ ಅಂದ್ರು. ನಾಳೀಕೂ ಹಂಗೇ ನೇತಾಡ್ತಿತ್ತಲ್ಲ, ದೇವ್ರೂ ಅಲ್ಲೇ ಇರ್ತಿತ್ತಲ್ಲ, ಅದ್ಕೆ ನಮ್ ತಾವ್ನೋರ ಕೈಲೇ ತೆಗಿಸ್ದೆ.”

ಬೆಳಿಗ್ಗೆ ಹಸು ಸತ್ತಿತ್ತು. ಕರು ಅದರ ಪಕ್ಕದಲ್ಲೇ ನಿಂತು ತಾಯಿಯ ಕಿವಿ ಚೀಪುತ್ತಿತ್ತು.

ರಿಜಿಸ್ಟರಿನಲ್ಲಿ ಸಾವಿನ ಕಾರಣ ಬರೆಯುವ ಜಾಗ ಒಂದೂವರೆ ಅಂಗುಲ. ಮಾಸು ತಡೆ, ಗರ್ಭಕೋಶದ ಸೋಂಕು, ನಂಜು ಎಂದು ಬರೆದೆ. ಗೇಟಿನಲ್ಲಿ ತಡೆದದ್ದಕ್ಕೆ ಅಲ್ಲಿ ಕಾಲಂ ಇರಲಿಲ್ಲ. ಅಟೆಂಡರನ್ನು ಕರೆದು ಕೇಳಿದೆ. ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡರು. “ಸಮಿತಿಯೋರೆಲ್ಲ ಅಲ್ಲೇ ನಿಂತಿದ್ರು ಮೇಡಂ. ನಾ ಇದೇ ಊರ್ನೋನು. ಒಂದಿನ ತಾನೆ ಅನ್ಕಂಡೆ.”

ಅವರಿಗೆ ಏನು ಹೇಳಲಿ? ನಾನೂ ಒಂದೊಂದು ದಿನ ಎಂದುಕೊಂಡೇ ಅಷ್ಟೂ ತಿಂಗಳು ಸುಮ್ಮನಿದ್ದವಳು.

ಅರಸೀಕೆರೆಗೆ ಹೋಗಿ ನಮ್ಮ ಸಹಾಯಕ ನಿರ್ದೇಶಕರಿಗೆ ಬಾಯಿಮಾತಿನಲ್ಲಿ ಎಲ್ಲ ಹೇಳಿದೆ. ಕೆಟ್ಟವರಲ್ಲ, ತಲೆನೋವು ಬೇಡದವರು. ಒಂದು ಹಾಳೆ ಎಳೆದುಕೊಂಡು ಆಸ್ಪತ್ರೆಯ ನಕ್ಷೆ ಬರೆದರು. “ನೋಡಿ ಡಾಕ್ಟ್ರೇ, ಹಿಂದ್ಗಡೆ ಗೋಡೆ ಒಡೆದು ಒಂದು ಗೇಟ್ ಇಡಿ. ದನ ಆ ಕಡೆಯಿಂದ ಬರ್ಲಿ. ದೇವರಿಗೂ ತೊಂದ್ರೆ ಇಲ್ಲ, ನಿಮ್ಗೂ ತೊಂದ್ರೆ ಇಲ್ಲ. ಪ್ರೊಬೇಷನ್ ಮುಗಿಯೋವರ್ಗೂ ವಸಿ ಸಮಾಧಾನವಾಗಿರಿ.”

ಎಷ್ಟು ಹಗುರಾಯಿತೆಂದರೆ, ವಾಪಸು ಬರುವಾಗ ಬಸ್ಸಿನಲ್ಲೇ ಗೇಟಿನ ಅಳತೆ ಬರೆದುಕೊಂಡೆ. ಎಂಟಡಿ ಅಗಲ, ಎರಡು ಬಾಗಿಲು, ಒಳಗೆ ದನ ಕಟ್ಟುವ ಕಬ್ಬಿಣದ ಚೌಕಟ್ಟಿಗೆ ನೇರ ದಾರಿ. ತಾಂತ್ರಿಕವಾಗಿ ಮುಂದಿನ ಗೇಟಿಗಿಂತ ಚೆನ್ನಾಗಿತ್ತು. ಮರುದಿನ ಕಾಲೋನಿಗೆ ಹೋಗಿ ಕರುವಿಗೆ ಬಾಟಲಿಯಲ್ಲಿ ಹಾಲು ಕುಡಿಸುವುದನ್ನು ತೋರಿಸಿಕೊಟ್ಟು, ಒಳ್ಳೆಯ ಸುದ್ದಿ ಹೇಳುವವಳ ಹಾಗೆ ಆ ಹೆಂಗಸಿಗೆ ಹಿಂದಿನ ಗೇಟಿನ ವಿಷಯ ಹೇಳಿದೆ.

ಅವರು ಕರುವಿನ ಬಾಯಿ ಒರೆಸಿದರು. “ಹಿಂದ್ಗಡೆ ಬಾಗ್ಲಾ? ಅದ್ಕ್ಯಾಕೆ ನೀವು ಅಷ್ಟು ಒದ್ದಾಡ್ತೀರಾ ಬುಡಿ. ಅದು ನಮ್ಗೆ ಎಲ್ಲಾ ಕಡೆನೂ ಐತೆ.”

ವ್ಯಂಗ್ಯವಾಗಿಯೂ ಹೇಳಲಿಲ್ಲ. ನನ್ನ ಶ್ರಮ ಉಳಿಸುವವರ ಹಾಗೆ ಹೇಳಿದರು. ನನ್ನ ಜೇಬಿನಲ್ಲಿ ಅಳತೆಯ ಚೀಟಿ ಇತ್ತು. ಅದರಲ್ಲಿ ನಾನು ಬಿಡಿಸಿದ್ದು ಏನೆಂದು ಆಗ ನನಗೆ ಕಂಡಿತು. ಮುಂದಿನ ಬಾಗಿಲು ಒಬ್ಬರಿಗೆ, ಹಿಂದಿನ ಬಾಗಿಲು ಇನ್ನೊಬ್ಬರಿಗೆ; ಅದನ್ನು ಸರ್ಕಾರಿ ಖರ್ಚಿನಲ್ಲಿ, ಸರ್ಕಾರಿ ಸಹಿ ಹಾಕಿ ಕಟ್ಟಿಸಲು ಹೊರಟಿದ್ದೆ. ಚೀಟಿ ಹರಿದೆ.

ಅಂದೇ ವರದಿ ಬರೆದೆ. ಮೊದಲ ಪ್ಯಾರಾದಲ್ಲಿ ಗೋಡೆ ಮತ್ತು ಗೇಟಿನ ಸ್ಥಿತಿ. ಎರಡನೆಯದರಲ್ಲಿ ಹಸುವಿನ ದಿನವಾರು ವಿವರ. ಮೂರನೆಯದು ಹೀಗಿತ್ತು: ಸದರಿ ಟೈಲುಗಳನ್ನು ಯಾವುದೇ ಅನುಮತಿ ಪಡೆಯದೆ, ಗೋಡೆಗೆ ಮೂತ್ರ ಮಾಡುವುದನ್ನು ತಡೆಯುವ ಉದ್ದೇಶದಿಂದ, ನಾನೇ ನನ್ನ ಕೈಯಾರೆ ಅಂಟಿಸಿರುತ್ತೇನೆ. ಟೈಲಿನ ಅಂಗಡಿಯ ರಸೀದಿಯನ್ನು ಲಗತ್ತಿಸಿದೆ.

ಸಹಾಯಕ ನಿರ್ದೇಶಕರು ಓದಿ ಕನ್ನಡಕ ತೆಗೆದರು. “ಆ ಮೂರನೇ ಪ್ಯಾರಾ ತೆಗೆದ್ಬಿಡಿ. ಯಾರೋ ಸಾರ್ವಜನಿಕರು ಅಂತ ಬರೀರಿ. ಯಾರು ಕೇಳ್ತಾರೆ?”

“ಯಾರೋ ಅಂದ್ರೆ ನಾಳೆ ಉದ್ಭವ ಅಂತಾರೆ ಸಾರ್. ಆಗಲೇ ಅಲ್ಲಿ ಮೊದಲಿಂದ್ಲೂ ದೇವರಿತ್ತು ಅಂತ ಶುರುವಾಗಿದೆ. ಅದು ನಿನ್ನೆ ಮೊನ್ನೆಯದು ಅನ್ನೋದಕ್ಕೆ ಇರೋ ಸಾಕ್ಷಿ ನಾನೊಬ್ಬಳೇ.”

“ನಿಮ್ಮ ಮೇಲೇ ಬರುತ್ತಮ್ಮ ಇದು.”

“ಬರಲಿ ಸಾರ್” ಎಂದೆ. ಧೈರ್ಯದಿಂದೇನಲ್ಲ. ಅವರ ಟೇಬಲ್ಲಿನ ಗ್ಲಾಸಿನ ಕೆಳಗೆ ಒಂದು ಲಕ್ಷ್ಮಿಯ ಚಿತ್ರ ಇತ್ತು. ಇಬ್ಬರೂ ಅದನ್ನು ಒಟ್ಟಿಗೇ ನೋಡಿದೆವು. ಅವರು ಅದರ ಮೇಲೆ ಫೈಲು ಎಳೆದು ಇಟ್ಟರು.

ಆಮೇಲಿನ ದಿನಗಳಲ್ಲಿ ನಾನು ಸರಿಯಾಗಿ ಉಣ್ಣಲಿಲ್ಲ. ಗೊತ್ತಿಲ್ಲದ ನಂಬರಿನಿಂದ ಕರೆ. ಎತ್ತಿದರೆ ಯಾರೂ ಮಾತಾಡುವುದಿಲ್ಲ, ಉಸಿರು ಮಾತ್ರ. ನನ್ನ ಫೋಟೋ ಹಾಕಿ ‘ದೇವರ ಗುಡಿ ಕೆಡವಲು ಹೊರಟ ಡಾಕ್ಟರ್’ ಎಂದು ಒಂದು ಸಂದೇಶ ಸುತ್ತಾಡಿತು. ಬೇಲೂರಿನಿಂದ ಅಮ್ಮ ಫೋನು ಮಾಡಿ, “ಏನೇ ಮಾಡ್ಕೊಂಡಿದ್ದೀಯ ನೀನು?” ಎಂದು ಅತ್ತರು. ಸ್ಕೂಟರಿನ ಚಕ್ರದ ಗಾಳಿ ಎರಡು ಸಲ ಇಳಿದಿತ್ತು. ಪ್ರತಿ ಸಲವೂ ಅಟೆಂಡರೇ ಪಂಪು ತಂದು ಗಾಳಿ ಹೊಡೆದುಕೊಟ್ಟರು.

ಕಂದಾಯ ನಿರೀಕ್ಷಕರು, ಪಂಚಾಯಿತಿ ಅಧಿಕಾರಿ, ನಾನು ಸೇರಿ ಜಂಟಿ ಸ್ಥಳ ಪರಿಶೀಲನೆ ಆಯಿತು. ಟೇಪು ಹಿಡಿದರು. ಗೋಡೆ, ಗೇಟು, ಕಾಂಕ್ರೀಟು ಎಲ್ಲ ಆಸ್ಪತ್ರೆಯ ಜಾಗದಲ್ಲೇ ಇತ್ತು. ಇಂಥ ಕಟ್ಟಡಗಳನ್ನು ತೆರವು ಮಾಡಬಹುದು, ಸ್ಥಳಾಂತರಿಸಬಹುದು, ಇಲ್ಲವೇ ಸಕ್ರಮ ಮಾಡಬಹುದು ಎಂದು ಕಂದಾಯ ನಿರೀಕ್ಷಕರು ಓದಿ ಹೇಳಿದರು. ಮಂಡಿ ಯಜಮಾನರು ಮೂರನೆಯದನ್ನು ಹಿಡಿದುಕೊಂಡರು.

“ಸಕ್ರಮ ಮಾಡ್ಕೊಡಿ ಸ್ವಾಮಿ. ಬೇಲೂರು ಹಳೇಬೀಡಿನ ಗುಡಿಗಳೂ ಸರ್ಕಾರದ್ವೇಯ. ಅಲ್ಲಿ ಪೂಜೆ ನಡ್ಯಲ್ವಾ? ಮೇಡಮ್ಮೋರ ಮನೆಯೋರೇ ಮಾಡ್ತಾರಲ್ಲ?”

“ಅಲ್ಲಿ ಗುಡಿ ಮೊದ್ಲು, ಸರ್ಕಾರ ಆಮೇಲೆ ಬಂತು ಯಜಮಾನ್ರೇ. ಇಲ್ಲಿ ಆಸ್ಪತ್ರೆ ಮೊದ್ಲು” ಎಂದೆ. ಯಾರೋ ಇಬ್ಬರು ನಕ್ಕರು. ಅಂಕ ನನಗೆ.

ಯಜಮಾನರು ನಗಲಿಲ್ಲ. “ಸರಿ. ಆಸ್ಪತ್ರೆಗೆ ದೇವ್ರನ್ನ ತಂದೋರು ಯಾರು?”

ಚರ್ಚೆಯ ವೇದಿಕೆಯ ಮೇಲೆ ಎಂದೂ ನನಗೆ ಇಂಥ ಪ್ರಶ್ನೆ ಬಂದಿರಲಿಲ್ಲ. ಯಜಮಾನರು ಕಂದಾಯ ನಿರೀಕ್ಷಕರ ಕಡೆ ತಿರುಗಿದರು. “ಅರ್ಚಕರ ಮನೆ ಮಗಳು ಶುಕ್ರವಾರ ತಲೆ ಮೇಲೆ ನೀರ್ ಹುಯ್ಕಂಡು ಬಂದು ಇಟ್ಟವ್ಳೆ. ಹಂಗೆಲ್ಲ ಕೀಳಕ್ಕಾಗಲ್ಲ. ಕಳಾಕರ್ಷಣೆ ಆಗ್ಬೇಕು. ಅವ್ರ ಮನೆ ದೊಡ್ಡೋರೇ ಬಂದು ಮಾಡ್ಲಿ, ನೋಡನ.” ಪ್ರತಿಷ್ಠೆಯಾದ ಮೂರ್ತಿಯನ್ನು ಕದಲಿಸುವ ಮೊದಲು ಅದರ ಶಕ್ತಿಯನ್ನು ಮಂತ್ರದಿಂದ ಕಲಶದ ನೀರಿಗೆ ಇಳಿಸುವ ವಿಧಿ ಅದು. ಅಧಿಕಾರಿಗಳಿಬ್ಬರೂ ನನ್ನ ಮುಖ ನೋಡಿದರು.

ಬೇಲೂರಿನಲ್ಲಿ ದೊಡ್ಡಪ್ಪ ಒಂದು ಸಣ್ಣ ಗುಡಿಯ ಅರ್ಚಕರು. ಹೈಸ್ಕೂಲಿನಿಂದಲೂ ಅವರ ಜತೆ ದೇವರಿದ್ದಾನೋ ಇಲ್ಲವೋ ಎಂದು ಜಗಳವಾಡಿದವಳು ನಾನು. ನಾನು ಹೋದಾಗ ಜಗಲಿಯ ಮೇಲೆ ತುಳಸಿ ಬಿಡಿಸುತ್ತಾ ಕೂತಿದ್ದರು.

“ಬಾರೇ. ದೇವರೇ ಇಲ್ಲ ಅನ್ನೋಳು ದೇವಸ್ಥಾನ ಕಟ್ಟಿದ್ದೀಯಂತೆ?”

“ಕಟ್ಟಿಲ್ಲ ದೊಡ್ಡಪ್ಪ, ಅಂಟಿಸಿದೆ.”

“ಯಾವುದರಲ್ಲಿ?”

“ಟೈಲ್ಸ್ ಗಮ್ಮಲ್ಲಿ.”

ತುಳಸಿ ಚೆಲ್ಲುವಂತೆ ನಕ್ಕರು. ಯಾಕೆ ಅಂಟಿಸಿದೆ ಎಂದು ಕೇಳಿದರು. ಹೇಳಿದೆ. ನಗು ನಿಂತಿತು.

“ಉಚ್ಚೆ ಕಾಯೋಕೆ ನಿಲ್ಲಿಸಿದೆಯಾ? ನೀನು ನಂಬಲ್ಲ, ಬಿಡು, ಅದು ನಿನ್ನಿಷ್ಟ. ನಂಬೋರನ್ನ ಹೆದರಿಸೋಕೆ ಅವನನ್ನ ಇಟ್ಕೊಂಡೆಯಲ್ಲ, ಅದು ಯಾವ ಸೀಮೆ ವಾದನೇ?”

ಹಸುವಿನ ವಿಷಯ ಹೇಳಿದೆ. ಅವರು ತುಳಸಿಯ ಕಡ್ಡಿಗಳನ್ನು ಒಂದು ಕಡೆ ಜೋಡಿಸಿದರು. ಬಂದ ಕೆಲಸ ಹೇಳಿದೆ. “ಸುಮ್ಮನೆ ಬಂದು ಎರಡು ಮಂತ್ರ ಹೇಳಿ, ಕಲಶಕ್ಕೆ ಇಳಿಸಿದ ಹಾಗೆ ಮಾಡಿಬಿಡಿ ದೊಡ್ಡಪ್ಪ. ಅಷ್ಟಾದರೆ ಅವರು ಒಪ್ಪುತ್ತಾರೆ.”

“ಮಾಡಲ್ಲ” ಎಂದರು. “ಪ್ರತಿಷ್ಠೆಯೇ ಆಗದೇ ಇರೋದಕ್ಕೆ ಕಳಾಕರ್ಷಣೆ ಮಾಡಿದರೆ, ಆಗಿತ್ತು ಅಂತ ನಾನೇ ಒಪ್ಪಿಕೊಂಡ ಹಾಗೆ. ಮತ್ತೆ ಅದೇ ಕೆಲಸ ಮಾಡಿಸ್ತಾ ಇದ್ದೀಯಲ್ಲೇ ನೀನು! ಮೊದಲು ಟೈಲು, ಈಗ ನಾನು.”

ಅವರು ಎದ್ದು ಪಂಚೆ ಕೊಡವಿದರು. “ಬಂದು ನನಗೆ ಗೊತ್ತಿರೋದನ್ನ ಹೇಳ್ತೀನಿ. ಆದರೆ ಮೊದಲು ನೀನು ಹೇಳಬೇಕು, ಎಲ್ಲರ ಮುಂದೆ, ಯಾಕೆ ಅಂಟಿಸಿದೆ ಅಂತ. ಕಾಗದದಲ್ಲಿ ಅಲ್ಲ.”

ಆ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದವರೆಲ್ಲ ಗೇಟಿನ ಮುಂದೆ ಸೇರಿದ್ದರು. ಅಧಿಕಾರಿಗಳಿಬ್ಬರೂ, ಒಬ್ಬ ಕಾನ್‌ಸ್ಟೆಬಲ್ಲೂ ಇದ್ದರು. ದೊಡ್ಡಪ್ಪ ಬಸ್ಸಿಳಿದು ಬಂದರು. ಗೇಟಿನ ಹತ್ತಿರ ಯಾರೋ, “ಚಪ್ಪಲಿ ಸ್ವಾಮಿ” ಎಂದರು.

ದೊಡ್ಡಪ್ಪ ತಲೆಯೆತ್ತಿ ನೋಡಿದರು. “ಪಶು ಆಸ್ಪತ್ರೆ ಅಂತಿದೆಯಲ್ಲಪ್ಪ ಬೋರ್ಡು” ಎಂದು ಚಪ್ಪಲಿ ಮೆಟ್ಟಿಕೊಂಡೇ ಕಾಂಕ್ರೀಟಿನ ಮೇಲೆ ನಡೆದು ಬಂದರು. ಅವರು ನನ್ನ ಕಡೆ ತಿರುಗಿ, ಹೇಳು ಎಂಬಂತೆ ಗದ್ದ ಎತ್ತಿದರು.

ನಾನು ಚೀಟಿಯಲ್ಲಿ ಬರೆದುಕೊಂಡಿದ್ದೆ. ಅದನ್ನು ಮಡಚಿಟ್ಟು, ಹಾಗೇ ಹೇಳಿದೆ. “ಈ ಗೋಡೆಗೆ ಗಂಡಸರು ಉಚ್ಚೆ ಹೊಯ್ತಿದ್ರು. ನನಗೆ ನಾತ ತಡೆಯೋಕಾಗ್ತಿರ್ಲಿಲ್ಲ. ಅದನ್ನ ನಿಲ್ಲಿಸೋಕೆ ಅಂತ ಇದನ್ನ ಅಂಟಿಸಿದೆ. ಪೂಜೆ ಮಾಡಿಲ್ಲ, ಮಂತ್ರ ಹೇಳಿಲ್ಲ. ನಿಮ್ಮನ್ನ ಹೆದರಿಸೋಕೆ ನಿಮ್ಮ ದೇವರನ್ನೇ ಬಳಸಿಕೊಂಡೆ. ತಪ್ಪಾಯ್ತು. ಅದರಿಂದ ಒಂದು ಹಸು ಸತ್ತಿದೆ.”

ಗದ್ದಲವೆದ್ದಿತು. “ನಮ್ ಭಕ್ತಿಗೂ ಉಚ್ಚೆಗೂ ತಂದ್ ಕಟ್ತೀರಾ?” ಎಂದು ಯಾರೋ ಮುಂದೆ ನುಗ್ಗಿದರು. ಕಾನ್‌ಸ್ಟೆಬಲ್ ಕೈ ಅಡ್ಡ ಹಿಡಿದ. ಮಂಡಿ ಯಜಮಾನರ ಕುತ್ತಿಗೆಯ ನರ ಉಬ್ಬಿತ್ತು. “ಹಸ ಸತ್ತಿದ್ಕೆ ನಾವ್ ಹೊಣೇನಾ? ಬರ್ಬ್ಯಾಡ ಅಂದಿದ್ವಾ? ವಸಿ ಹೊತ್ತು ನಿಲ್ಲು ಅಂದ್ವಿ, ಅಷ್ಟೇಯ!”

ರಸ್ತೆಯಾಚೆಯಿಂದ ಒಂದು ಧ್ವನಿ ಬಂತು. ಕಾಲೋನಿಯ ಆ ಹೆಂಗಸು ದಲ್ಲಾಳಿಯ ಎತ್ತುಗಳ ಪಕ್ಕದಲ್ಲಿ ನಿಂತಿದ್ದರು. “ನಾನ್ ನಿಂತಿದ್ದೆ ಯಜಮಾನ್ರೇ. ಹಸ ನಿಲ್ಲಲಿಲ್ಲ.”

ಯಾರೂ ಆ ಕಡೆ ತಿರುಗಲಿಲ್ಲ. ಎಲ್ಲರೂ ಕೇಳಿಸಿಕೊಂಡರು.

ಆಗ ದೊಡ್ಡಪ್ಪ ಮಾತಾಡಿದರು. ಪ್ರತಿಷ್ಠೆ ಎಂದರೆ ಏನೇನು ಆಗಬೇಕೆಂದು ಒಂದೊಂದಾಗಿ ಕೇಳಿದರು. ಯಾರು ಮಾಡಿದರು, ಯಾವ ಮುಹೂರ್ತ, ಹೋಮ ಆಯಿತೇ? ಇಲ್ಲ, ಇಲ್ಲ ಎಂದು ತಲೆಗಳು ಅಲ್ಲಾಡಿದವು. “ಹಾಗಾದರೆ ಇದು ಚಿತ್ರ. ಕ್ಯಾಲೆಂಡರಿನಲ್ಲಿ ಇರುತ್ತಲ್ಲ, ಹಾಗೆ. ಗೌರವವಾಗಿ ತೆಗೆದು ಇನ್ನೊಂದು ಕಡೆ ಇಡಬಹುದು. ಅದಿರಲಿ, ಕೆರೆ ಹತ್ತಿರ ನಿಮ್ಮೂರ ಗಣಪತಿ ಗುಡಿ ಇದೆಯಲ್ಲ, ಬರ್ತಾ ಬಸ್ಸಿಂದ ನೋಡಿದೆ. ಬಾಗಿಲಿಗೆ ಬಲೆ ಕಟ್ಟಿದೆ. ಅಲ್ಲಿಗೆ ದೀಪ ಹಚ್ಚಿ ಎಷ್ಟು ದಿನ ಆಯ್ತು?”

ಯಜಮಾನರು ಸಣ್ಣ ಧ್ವನಿಯಲ್ಲಿ, “ನಮ್ ಎತ್ತು ಉಳಿದಿದ್ದು ಇಲ್ಲಿ ಹರಕೆ ಹೊತ್ಮೇಲೆ ಸ್ವಾಮಿ” ಎಂದರು. ಆ ಎತ್ತಿಗೆ ಮೂರು ದಿನ ಬಾಟಲಿ ಹಾಕಿದವಳು ನಾನು. ನಾಲಗೆಯ ತುದಿಯವರೆಗೆ ಬಂದಿತ್ತು. ಹೇಳಲಿಲ್ಲ.

ಯಜಮಾನರೇ ಕೈಸನ್ನೆ ಮಾಡಿದ ಮೇಲೆ ಗಣಪತಿಯ ಟೈಲನ್ನು ಮೇಸ್ತ್ರಿ ಅಂಚು ಬಿಡಿಸಿ ಇಡಿಯಾಗಿ ತೆಗೆದ. ಯಜಮಾನರು ಹೆಗಲ ಟವೆಲ್ಲಿನಲ್ಲಿ ಅದನ್ನು ಸುತ್ತಿ, ಯಾರ ಕೈಗೂ ಕೊಡದೆ ಕೆರೆ ಹತ್ತಿರದ ಗುಡಿಯ ಕಡೆಗೆ ನಡೆದರು. ಇನ್ನೆರಡು ಟೈಲುಗಳು ಸಿಮೆಂಟಿನ ಜತೆ ಚೂರಾಗಿ ಬಂದವು. ಮಹಜರಿನಲ್ಲಿ ಅದನ್ನೂ ಬರೆಸಿದೆ. ಕಂದಾಯ ನಿರೀಕ್ಷಕರು, “ಅದ್ಯಾಕೆ ಬಿಡಿ” ಎಂದರು. “ಬರೀರಿ ಸಾರ್” ಎಂದೆ. ದಲ್ಲಾಳಿ ಎದುರಿನಿಂದ ನೋಡುತ್ತಿದ್ದರು.

ನನಗೆ ಕಾರಣ ಕೇಳಿ ನೋಟಿಸು ಬಂತು. ಮೂರನೇ ಪ್ಯಾರಾವನ್ನೇ ಉತ್ತರವಾಗಿ ಬರೆದು ಕಳಿಸಿದೆ. ಪ್ರೊಬೇಷನ್ನಿನ ಆದೇಶ ಇನ್ನೂ ಬಂದಿಲ್ಲ. ಅಂಚೆಯ ಲಕೋಟೆ ಕಂಡಾಗಲೆಲ್ಲ ಈಗಲೂ ಮೊದಲು ಕಳಿಸಿದವರ ವಿಳಾಸ ನೋಡುತ್ತೇನೆ. ಶೌಚಾಲಯಕ್ಕೆ ಎರಡನೇ ಪತ್ರ ಬರೆದೆ, ಮೂರನೆಯದನ್ನೂ ಬರೆದೆ.

ಎರಡು ವಾರ ಕಾಲೋನಿಯಿಂದ ಯಾರೂ ಬರಲಿಲ್ಲ. ಮೂರನೇ ವಾರ ಆ ಹೆಂಗಸು ಕರುವನ್ನು ಹೊಡೆದುಕೊಂಡು ಬಂದರು, ಜಂತುಹುಳದ ಔಷಧಿಗೆ. ಗೇಟಿನ ಹತ್ತಿರ ನಿಂತು, ಬರಹ ಅಳಿಸಿದ ಕಂಬವನ್ನು ನೋಡಿ, ಆದರೂ ಚಪ್ಪಲಿ ಬಿಟ್ಟರು.

ಅಟೆಂಡರ್ ಮೆಟ್ಟಿಲಿಳಿದು ಹೋದರು. “ಮೆಟ್ಕಂಡೇ ಬಾರಮ್ಮ. ಒಳ್ಗೆಲ್ಲ ಸೂಜಿ ಚೂರು ಬಿದ್ದಿರ್ತವೆ.”

“ಯಾಕ್ ಸಾಮಿ, ಇವತ್ತು ಪೂಜೆ ಇಲ್ವಾ?”

ಅಟೆಂಡರ್ ಕರುವಿನ ಹಗ್ಗಕ್ಕೆ ಕೈಚಾಚಿದರು. ಆ ಹೆಂಗಸು ಕೊಡಲಿಲ್ಲ, ಚಪ್ಪಲಿ ಮೆಟ್ಟಿಕೊಂಡು, ತಾವೇ ಎಳೆದುಕೊಂಡು ಒಳಗೆ ಬಂದರು.

ಔಷಧಿ ಕೋಣೆಯಲ್ಲಿ ಕರುವಿನ ಎದೆಯ ಸುತ್ತ ಟೇಪು ಹಿಡಿದು ತೂಕ ಅಂದಾಜು ಮಾಡುತ್ತಿದ್ದೆ. ಹೊರಗೆ ಬಸ್ಸು ನಿಂತ ಸದ್ದು. ಸ್ವಲ್ಪ ಹೊತ್ತಿಗೆ ಗೋಡೆಯಾಚೆ ಎರಡು ತಲೆಗಳು. ಒಂದು ತಲೆ, “ನಮಸ್ಕಾರ ಮೇಡಂ” ಎಂದಿತು.

ಹೆಂಗಸು ಸೆರಗಿನಿಂದ ಮೂಗು ಮುಚ್ಚಿ ನಕ್ಕರು. “ಥೂ, ಇದೇನ್ ಡಾಕ್ಟ್ರಮ್ಮ ಈ ನಾತ! ಕಿಟ್ಕಿನಾದ್ರೂ ಮುಚ್ಚಬಾರ್ದಾ?”

ಮುಚ್ಚಲೆಂದು ಎದ್ದೆ. ಕರು ಹೊಸ ಜಾಗಕ್ಕೆ ಬೆದರಿ ಏದುಸಿರು ಬಿಡುತ್ತಿತ್ತು, ಅದಕ್ಕೆ ಗಾಳಿ ಬೇಕಿತ್ತು. ಕಿಟಕಿಯನ್ನು ಹಾಗೇ ಬಿಟ್ಟು ಔಷಧಿ ಅಳೆದೆ.